ನಂಬರ್ ಪೋರ್ಟ್ ಆದ ಮೇಲೆ ಬಂದ ಆರು ಸಾಲಿನ ಕೊನೇ ಬಿಲ್: ಯಾವುದು ಕಟ್ಟಬೇಕು, ಯಾವುದು ಬೇಡ?

ಕೊನೇಬಿಲ್

ಪೋಸ್ಟ್‌ಪೇಯ್ಡ್ ನಂಬರ್ ಜೂನ್ 14ಕ್ಕೆ ಬೇರೆ ಕಂಪನಿಗೆ ಪೋರ್ಟ್ ಆಗಿದೆ. ಹಳೇ ಕಂಪನಿಯ ಜೊತೆ ಇದ್ದದ್ದು 24 ತಿಂಗಳ ಒಪ್ಪಂದ, ಹೋದ ವರ್ಷ ಮಾರ್ಚ್ 5ರಿಂದ ಶುರು. ಫೋನ್ ಕೂಡ ಅದರ ಜೊತೆಗೇ ಕಂತಿನಲ್ಲಿ ಬಂದದ್ದು. ಬಿಲ್ ಸೈಕಲ್ 5ರಿಂದ ಮರುತಿಂಗಳ 4ರವರೆಗೆ. ಪ್ಲಾನಿನ ಪೂರ್ತಿ ದರ 600; 24 ತಿಂಗಳು ಇರುತ್ತೇವೆ ಅಂತ ಒಪ್ಪಿದ್ದಕ್ಕೆ 120 ರಿಯಾಯಿತಿ, ಅಂದರೆ ತಿಂಗಳಿಗೆ 480. ಫೋನಿನ ಕಂತು 700.

ಜುಲೈ 5ಕ್ಕೆ ಬಂದ ಕೊನೇ ಬಿಲ್ ಹೀಗಿದೆ (ತೆರಿಗೆ ಬಿಟ್ಟು):

1. ಮಾಸಿಕ ಬಾಡಿಗೆ, ಜೂನ್ 5 – ಜುಲೈ 4: 600
2. ಅವಧಿಗೆ ಮುಂಚೆ ಬಿಟ್ಟ ಶುಲ್ಕ, 9 ತಿಂಗಳು × 480: 4,320
3. ರಿಯಾಯಿತಿ ವಾಪಸಾತಿ, 15 × 120: 1,800
4. ಹ್ಯಾಂಡ್‌ಸೆಟ್ ಬಾಕಿ ಕಂತು, 9 × 700: 6,300
5. ವಿದೇಶಿ ರೋಮಿಂಗ್, ಮೇ 20–22: 340
6. ಹೆಚ್ಚುವರಿ ಸಿಮ್ (ವಾಚಿನದು), ಜುಲೈ 5 – ಆಗಸ್ಟ್ 4: 150

ಒಟ್ಟು 13,510. ಸೇರುವಾಗ ಕಟ್ಟಿದ್ದ 1,000 ಡೆಪಾಸಿಟ್‌ನ ಸುದ್ದಿಯೇ ಬಿಲ್‌ನಲ್ಲಿಲ್ಲ. ಪೋರ್ಟ್‌ಗೆ ಮುಂಚೆ ಕಸ್ಟಮರ್ ಕೇರ್‌ನವರು ಚಾಟ್‌ನಲ್ಲಿ "ಪೋರ್ಟ್ ಮಾಡಲು ಯಾವ ಚಾರ್ಜೂ ಇಲ್ಲ" ಅಂತ ಬರೆದಿದ್ದಾರೆ, ಅದರ ಸ್ಕ್ರೀನ್‌ಶಾಟ್ ಇದೆ.

ಇದರಲ್ಲಿ ನ್ಯಾಯವಾಗಿ ಎಷ್ಟು ಕಟ್ಟಬೇಕು? ತಕರಾರು ಹಾಕಿ ಕಟ್ಟದೆ ಕೂತರೆ ಹೊಸ ಕಡೆ ನಂಬರ್ ಕಟ್ ಆಗುತ್ತದಾ?

---

ದರಪಟ್ಟಿ

ಮೊದಲು ಆ ಚಾಟ್ ವಿಷಯ. "ಪೋರ್ಟ್‌ಗೆ ಚಾರ್ಜ್ ಇಲ್ಲ" ಅನ್ನುವುದು ಅಕ್ಷರಶಃ ನಿಜ, ಆದರೆ ನಿಮಗೆ ಉಪಯೋಗವಿಲ್ಲದ ನಿಜ. ನಂಬರ್ ಒಂದು ಜಾಲದಿಂದ ಇನ್ನೊಂದಕ್ಕೆ ಹೋಗುವುದು ಒಂದು ಕೆಲಸ. ನೀವು ಸಹಿ ಹಾಕಿದ ಒಪ್ಪಂದ ಮುರಿಯುವುದು ಇನ್ನೊಂದು. ಕಸ್ಟಮರ್ ಕೇರ್‌ನವರ ಮುಂದಿರುವ ಪರದೆಯಲ್ಲಿ ಪೋರ್ಟ್ ಅರ್ಹತೆ ಕಾಣುತ್ತದೆ, ಒಪ್ಪಂದದ ಲೆಕ್ಕ ಎಷ್ಟೋ ಸಲ ಬೇರೆ ಪರದೆಯಲ್ಲಿರುತ್ತದೆ. ಕೇಳಬೇಕಾದ ಪ್ರಶ್ನೆ: "ಈ ದಿನಾಂಕಕ್ಕೆ ನನ್ನ ಖಾತೆ ಪೂರ್ತಿ ಮುಚ್ಚಿದರೆ ಕೊನೇ ಬಿಲ್‌ನಲ್ಲಿ ಯಾವ ಯಾವ ಸಾಲು ಬರುತ್ತದೆ, ಪ್ರತಿಯೊಂದಕ್ಕೂ ಎಷ್ಟು?" ಉತ್ತರ ಬರಹದಲ್ಲಿ ಬೇಕು. ಆ ಸ್ಕ್ರೀನ್‌ಶಾಟ್ ಎಸೆಯಬೇಡಿ, ದೂರಿನ ಜೊತೆ ಲಗತ್ತಿಸಿ. ಆದರೆ ಅದೊಂದನ್ನೇ ನಂಬಿ ವಾದಕ್ಕೆ ಇಳಿದರೆ ನಿಲ್ಲುವುದಿಲ್ಲ.

ಈಗ ಬಿಲ್. ಯಾವುದೇ ಕೊನೇ ಬಿಲ್‌ನಲ್ಲಿ ಮೂರು ಜಾತಿಯ ಹಣ ಇರುತ್ತದೆ. ಬಳಸಿದ್ದಕ್ಕೆ ಕೊಡಬೇಕಾದದ್ದು, ಕೊಂಡ ವಸ್ತುವಿನ ಬಾಕಿ, ಮಾತು ತಪ್ಪಿದ್ದಕ್ಕೆ ದಂಡ. ನಿಮ್ಮದರಲ್ಲಿ 5 ಮತ್ತು 6 ಮೊದಲ ಜಾತಿ, 4 ಎರಡನೆಯದು, 2 ಮತ್ತು 3 ದಂಡ. 1 ಯಾವುದಕ್ಕೂ ಸೇರದೆ ಅನುಮಾನ ಹುಟ್ಟಿಸುತ್ತಿದೆ.

ಒಂದು ಕೆಲಸ ಮಾಡಿ: ಹಿಂದಿನ ಬಿಲ್, ಅಂದರೆ ಜೂನ್ 5ರದು, ತೆಗೆದು ಅದರಲ್ಲಿ ಬಾಡಿಗೆಯ ಅವಧಿ ಯಾವುದು ಅಂತ ನೋಡಿ. ಪೋಸ್ಟ್‌ಪೇಯ್ಡ್ ಅಂದರೆ ಎಲ್ಲವೂ ಬಳಸಿದ ಮೇಲೆ ಕಟ್ಟುವುದು ಅಂತ ಜನ ತಿಳಿದಿರುತ್ತಾರೆ. ಬಹಳ ಕಂಪನಿಗಳಲ್ಲಿ ಬಾಡಿಗೆ ಮುಂಗಡ, ಹೆಚ್ಚುವರಿ ಬಳಕೆ ಮಾತ್ರ ಹಿಂದಿನದು. ಹಾಗಿದ್ದರೆ ಜೂನ್ 5ರ ಬಿಲ್‌ನಲ್ಲೇ "ಜೂನ್ 5 – ಜುಲೈ 4" ಬಾಡಿಗೆ ಇರುತ್ತದೆ, ನೀವು ಕಟ್ಟಿಯೂ ಆಗಿರುತ್ತದೆ. ಅದೇ ಬಿಲ್‌ನಲ್ಲಿ ಫೋನಿನ ಕಂತಿನ ಪಕ್ಕ "15/24" ಅಥವಾ "16/24" ಅನ್ನುವಂಥ ಎಣಿಕೆ ಇದೆಯಾ ಅದನ್ನೂ ನೋಡಿ. ಇವೆರಡು ಗೊತ್ತಾದರೆ ಲೆಕ್ಕ ಬಿಡಿಸಬಹುದು. ಒಪ್ಪಂದದ ಪ್ರತಿಯಲ್ಲಿ ಮಧ್ಯದಲ್ಲಿ ಬಿಟ್ಟರೆ ಏನು ಅಂತ ಬರೆದಿದೆ ಅನ್ನುವುದೂ ಬೇಕು. ವೆಬ್‌ಸೈಟಿನಲ್ಲಿ ಈಗ ಇರುವ ಷರತ್ತು ನೋಡಬೇಡಿ, ಸೇರಿದ ದಿನ ಇಮೇಲ್‌ಗೆ ಬಂದ ಪಿಡಿಎಫ್ ನೋಡಿ.

---

ಸಿಗ್ನಲ್‌ಕಡ್ಡಿ

5ನೇ ಸಾಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಮೇ ತಿಂಗಳ ರೋಮಿಂಗ್ ಜುಲೈ ಬಿಲ್‌ನಲ್ಲಿ ಬಂತು ಅಂದ ಮಾತ್ರಕ್ಕೆ ತಪ್ಪಲ್ಲ. ವಿದೇಶದಲ್ಲಿ ನೀವು ಬಳಸಿದ್ದರ ದಾಖಲೆ ಮೊದಲು ಅಲ್ಲಿನ ಜಾಲದಲ್ಲಿ ಹುಟ್ಟುತ್ತದೆ. ಆಮೇಲೆ ಕಡತವಾಗಿ, ಮಧ್ಯವರ್ತಿ ಕ್ಲಿಯರಿಂಗ್ ಸಂಸ್ಥೆಗಳ ಮೂಲಕ ನಿಮ್ಮ ಕಂಪನಿಗೆ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನ, ಕೆಲವೊಮ್ಮೆ ವಾರಗಟ್ಟಲೆ. ಅದಕ್ಕೇ ಖಾತೆ ಮುಚ್ಚಿದ ಮೇಲೂ ಎರಡನೇ "ಕೊನೇ ಬಿಲ್" ಬರುವುದುಂಟು. ಮೊದಲನೆಯದು ಕಟ್ಟಿ ನಿಶ್ಚಿಂತರಾಗುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಪರೀಕ್ಷೆ ಮಾಡಬೇಕಾದದ್ದು ಬೇರೆ. ರೋಮಿಂಗ್ ಪ್ಯಾಕ್ ಹಾಕಿಸಿದ್ದರೆ ಅದು ಶುರುವಾದ ಹೊತ್ತು ನಿಮ್ಮ ದೇಶದ ಸಮಯದಲ್ಲಿದೆಯೋ ಹೋದ ದೇಶದ ಸಮಯದಲ್ಲಿದೆಯೋ ನೋಡಿ. ವಿಮಾನ ಇಳಿದ ತಕ್ಷಣ ಫೋನ್ ಆನ್ ಮಾಡಿ, ಪ್ಯಾಕ್ ಒಂದು ಗಂಟೆ ತಡವಾಗಿ ಜಾರಿಯಾದರೆ ಆ ಒಂದು ಗಂಟೆಯ ಡೇಟಾ ಪ್ಯಾಕ್ ಹೊರಗಿನ ದರಕ್ಕೆ ಹೋಗುತ್ತದೆ. ಬಿಲ್‌ನ ವಿವರ ಪುಟದಲ್ಲಿ ಪ್ರತಿ ಸೆಷನ್‌ನ ಆರಂಭದ ಸಮಯ ಇರುತ್ತದೆ. ವಿವರ ಪುಟ ಬಂದಿಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ.

---

ಕೊನೇಬಿಲ್

@ದರಪಟ್ಟಿ, ನೋಡಿದೆ. ಜೂನ್ 5ರ ಬಿಲ್‌ನಲ್ಲಿ "ಬಾಡಿಗೆ ಜೂನ್ 5 – ಜುಲೈ 4: 480" ಇದೆ, ಆಟೋಪೇನಲ್ಲಿ ಕಟ್ ಆಗಿದೆ. ಕಂತಿನ ಪಕ್ಕ "16/24". ಕೊನೇ ಬಿಲ್‌ನಲ್ಲಿ ಆ 480 ವಾಪಸ್ ಕೊಟ್ಟ ಸಾಲು ಎಲ್ಲೂ ಇಲ್ಲ.

ಒಪ್ಪಂದದ ಪಿಡಿಎಫ್‌ನ 3ನೇ ಪುಟದಲ್ಲಿ: "ಅವಧಿ ಮುಗಿಯುವ ಮುನ್ನ ಸೇವೆ ನಿಲ್ಲಿಸಿದಲ್ಲಿ ಅದುವರೆಗೆ ಪಡೆದ ರಿಯಾಯಿತಿಯನ್ನು ಮರಳಿಸತಕ್ಕದ್ದು, ಹ್ಯಾಂಡ್‌ಸೆಟ್‌ನ ಉಳಿದ ಕಂತುಗಳು ಒಮ್ಮೆಗೇ ಪಾವತಿಗೆ ಬರುತ್ತವೆ." ಉಳಿದ ತಿಂಗಳ ಬಾಡಿಗೆ ಕೊಡಬೇಕು ಅಂತ ಇಲ್ಲ. ಅದು ವೆಬ್‌ಸೈಟಿನ ದರಪಟ್ಟಿಯಲ್ಲಿ ಇದೆ, ಈ ವರ್ಷ ಜನವರಿಯ ದಿನಾಂಕ ಹಾಕಿದ್ದಾರೆ.

---

ಲೆಕ್ಕದಪುಸ್ತಕ

ಹಾಗಾದರೆ ಬಹುತೇಕ ಸ್ಪಷ್ಟವಾಯಿತು. ಒಂದೊಂದೇ ಸಾಲು:

ಸಾಲು 1 ಪೂರ್ತಿ ಹೋಗಬೇಕು. ಆ ಅವಧಿಯ ಬಾಡಿಗೆ ಆಗಲೇ ಕಟ್ಟಿದ್ದೀರಿ. ಏನಾಗಿದೆ ಅಂದರೆ, ಒಪ್ಪಂದ ಮುಕ್ತಾಯ ಅಂತ ಸಿಸ್ಟಮ್‌ಗೆ ಹೋದ ಕೂಡಲೇ ಅದು ನಡೆಯುತ್ತಿರುವ ತಿಂಗಳಿಗೆ ರಿಯಾಯಿತಿ ತೆಗೆದು ಹೊಸದಾಗಿ ದರ ಹಾಕುತ್ತದೆ. ಸರಿಯಾಗಿ ಆದರೆ 480 ಜಮಾ, 600 ಖರ್ಚು, ನಿವ್ವಳ 120. ಇಲ್ಲಿ ಖರ್ಚಿನ ಸಾಲು ಮಾತ್ರ ಬಿದ್ದಿದೆ, ಜಮಾ ಬಿದ್ದಿಲ್ಲ. ಕೊನೇ ಬಿಲ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಎಡವಟ್ಟು ಇದು; ಮೊತ್ತ ಒಂದು ತಿಂಗಳ ಬಾಡಿಗೆಯಷ್ಟೇ ಇರುವುದರಿಂದ ಜನ "ಹಳೇ ಬಾಕಿ ಇರಬೇಕು" ಅಂದುಕೊಂಡು ಕಟ್ಟಿಬಿಡುತ್ತಾರೆ.

ಸಾಲು 4ರಲ್ಲಿ ಎಣಿಕೆ ತಪ್ಪು. 16ನೇ ಕಂತು ಕಟ್ಟಾಗಿದೆ, ಉಳಿದದ್ದು 8. 8 × 700 = 5,600. ಪೂರ್ತಿಯಾದ ತಿಂಗಳು 15 ಅಂತ ತೆಗೆದುಕೊಂಡು 24ರಿಂದ ಕಳೆದಿದ್ದಾರೆ, ಮುಂಗಡವಾಗಿ ಕಟ್ಟಿದ 16ನೆಯದು ಲೆಕ್ಕಕ್ಕೆ ಬಂದಿಲ್ಲ. ಸಾಲು 2ರ 9 ಕೂಡ ಅದೇ ತಪ್ಪಿನ ಕೂಸು; ಆ ಸಾಲು ನಿಂತರೂ 8 × 480 = 3,840 ಆಗಬೇಕಿತ್ತು.

ಆದರೆ ಅದು ನಿಲ್ಲಬಾರದು. 2 ಮತ್ತು 3 ಒಟ್ಟಿಗೆ ಇರುವುದಕ್ಕೇ ಅರ್ಥವಿಲ್ಲ. ರಿಯಾಯಿತಿ ವಾಪಸ್ ಪಡೆಯುವುದರ ತರ್ಕ ಹೀಗೆ: "ನೀವು 24 ತಿಂಗಳ ಗಿರಾಕಿಯಲ್ಲ, ತಿಂಗಳು ತಿಂಗಳು ಬರುವ ಗಿರಾಕಿ ಅಂತ ಮೊದಲಿಂದಲೇ ಭಾವಿಸಿ 600ರ ದರ ಹಾಕುತ್ತೇವೆ." ಉಳಿದ ತಿಂಗಳ ಬಾಡಿಗೆ ಕೇಳುವುದರ ತರ್ಕ: "ನೀವು 24 ತಿಂಗಳ ಗಿರಾಕಿಯೇ, ಆದ್ದರಿಂದ ಉಳಿದದ್ದೂ ಕೊಡಿ." ತಿಂಗಳ ಗಿರಾಕಿಗೆ ಉಳಿದ ಅವಧಿ ಎಂಬುದೇ ಇಲ್ಲ, 24 ತಿಂಗಳ ಗಿರಾಕಿಗೆ ರಿಯಾಯಿತಿ ಹಕ್ಕಿನದು. ಎರಡರಲ್ಲಿ ಒಂದನ್ನು ಅವರು ಆರಿಸಲಿ. ನಿಮ್ಮ ವಿಷಯದಲ್ಲಿ ಒಪ್ಪಂದವೇ ಆರಿಸಿಟ್ಟಿದೆ, 3ನೇ ಸಾಲು ಮಾತ್ರ. ನೀವು ಸೇರಿದ ಮೇಲೆ ವೆಬ್‌ಸೈಟಿನಲ್ಲಿ ಹಾಕಿದ ದರಪಟ್ಟಿ ನಿಮ್ಮ ಹಳೇ ಒಪ್ಪಂದದೊಳಗೆ ತಾನಾಗಿ ನುಸುಳುವುದಿಲ್ಲ. ನಿಮಗೆ ಮುಂಚಿತವಾಗಿ ತಿಳಿಸಿದ್ದಕ್ಕೆ, ನೀವು ಒಪ್ಪಿದ್ದಕ್ಕೆ ದಾಖಲೆ ತೋರಿಸಿ ಅನ್ನಿ.

ನಿಮಗೆ ಅನುಕೂಲವಲ್ಲದ ಒಂದು ಮಾತೂ ಇದೆ: 1ನೇ ಸಾಲು ತೆಗೆಸಿದರೆ ರಿಯಾಯಿತಿ ಪಡೆದ ತಿಂಗಳು 15 ಅಲ್ಲ, 16 ಆಗುತ್ತದೆ. ಅಂದರೆ 16 × 120 = 1,920. ಅವರು ಇದನ್ನು ಎತ್ತುವ ಮುಂಚೆ ನೀವೇ ಬರೆದುಬಿಡಿ, ನಿಮ್ಮ ಲೆಕ್ಕಕ್ಕೆ ತೂಕ ಬರುತ್ತದೆ.

ಒಟ್ಟು: 1,920 + 5,600 + 340 + 150 = 8,010. ಡೆಪಾಸಿಟ್ 1,000 ಕಳೆದರೆ 7,010. ಬಿಲ್ ಕೇಳುತ್ತಿರುವುದು 13,510.

ಒಂದು ವೇಳೆ ಅವರು 2ನೇ ಸಾಲಿಗೆ ಸಹಿಯಾದ ದಾಖಲೆ ತೋರಿಸಿ, 3 ಬಿಟ್ಟರೆ 3,840 + 5,600 + 340 + 150 − 1,000 = 8,930. ಅದಕ್ಕಿಂತ ಮೇಲೆ ಹೋಗುವ ಯಾವ ಲೆಕ್ಕವನ್ನೂ ಒಪ್ಪಬೇಡಿ.

---

ಮೂರನೇಪುಟ

ಲೆಕ್ಕ ಸರಿ. ಜೊತೆಗೆ ಯಾವ ದೇಶದ ನಿಯಮ ಅನ್ವಯಿಸುತ್ತದೆ ಅನ್ನುವುದರ ಮೇಲೆ ವಾದದ ಬಲ ನಿಂತಿದೆ. ಇಲ್ಲಿ ಓದುವವರು ಬೇರೆ ಬೇರೆ ಕಡೆ ಇರುವುದರಿಂದ ಮುಖ್ಯವಾದದ್ದು ಬರೆಯುತ್ತೇನೆ.

ಭಾರತ: 2019ರ ಡಿಸೆಂಬರ್ 16ರಿಂದ ಜಾರಿಯಾದ ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) ನಿಯಮದ ಪ್ರಕಾರ 1900ಕ್ಕೆ PORT ಎಸ್ಸೆಮ್ಮೆಸ್ ಹೋದಾಗಲೇ ಅರ್ಹತೆ ಪರೀಕ್ಷೆ ಆಗುತ್ತದೆ, ಆಮೇಲಷ್ಟೇ ಪೋರ್ಟ್‌ಗೆ ಬೇಕಾದ 8 ಅಕ್ಷರದ ಯುಪಿಸಿ ಕೋಡ್ ಬರುತ್ತದೆ. ಪರೀಕ್ಷೆಯಲ್ಲಿ ಏನೇನಿದೆ ನೋಡಿ: ಆ ಜಾಲದಲ್ಲಿ 90 ದಿನ ಆಗಿರಬೇಕು, ಗಡುವು ಮೀರಿದ ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇರಬಾರದು, ಮಾಲೀಕತ್ವ ಬದಲಾವಣೆ ನಡೆಯುತ್ತಿರಬಾರದು, ಮತ್ತು ಒಪ್ಪಂದದಲ್ಲಿ ಹೊರಹೋಗುವ ಷರತ್ತು ಇದ್ದರೆ ಅದು ಪೂರೈಕೆಯಾಗಿರಬೇಕು. ಈ ಕೊನೆಯದೇ ನಿಮ್ಮ ಅಸ್ತ್ರ. ಷರತ್ತು ಪೂರೈಕೆಯಾಗಿಲ್ಲ ಅಂತಿದ್ದರೆ ಆಗಲೇ ಕೋಡ್ ನಿರಾಕರಿಸುವ ಅವಕಾಶ ಹಳೇ ಕಂಪನಿಗಿತ್ತು. ನಿರಾಕರಿಸದೆ ಕೋಡ್ ಕೊಟ್ಟು, ಕೆಲವು ವಾರ ಬಿಟ್ಟು ದಂಡದ ಬಿಲ್ ಕಳಿಸಿದರೆ "ಆ ದಿನ ಪರೀಕ್ಷೆಯಲ್ಲಿ ಏನು ಉತ್ತರ ಕೊಟ್ಟಿರಿ?" ಅಂತ ದೂರಿನಲ್ಲೇ ಕೇಳಿ. ಫೋನಿನ ಕಂತಿಗೆ, ಬಳಕೆಯ ಬಾಕಿಗೆ ಈ ವಾದ ನಡೆಯುವುದಿಲ್ಲ, ದಂಡಕ್ಕೆ ಮಾತ್ರ. ಭಾರತೀಯ ಒಪ್ಪಂದ ಕಾಯ್ದೆಯ 74ನೇ ಕಲಮು ಇದೆಯಲ್ಲ, ಅದರಡಿ ಒಪ್ಪಂದದಲ್ಲಿ ಬರೆದ ದಂಡದ ಮೊತ್ತ ಒಂದು ಗರಿಷ್ಠ ಮಿತಿ ಮಾತ್ರ. ಸಿಗಬೇಕಾದದ್ದು ಸಮಂಜಸ ಪರಿಹಾರ.

ಕೋಡ್‌ಗೆ 4 ದಿನ ಆಯಸ್ಸು. ಜಮ್ಮು–ಕಾಶ್ಮೀರ, ಅಸ್ಸಾಂ, ಈಶಾನ್ಯ ವಲಯಗಳಲ್ಲಿ 30 ದಿನ. ಒಂದೇ ಟೆಲಿಕಾಂ ವಲಯದೊಳಗಿನ ಪೋರ್ಟ್‌ಗೆ 3 ಕೆಲಸದ ದಿನ, ವಲಯ ದಾಟಿದರೆ 5. 2024ರ ಜುಲೈ 1ರಿಂದ ಇನ್ನೊಂದು ಸೇರಿದೆ: ಕಳೆದ 7 ದಿನದಲ್ಲಿ ಸಿಮ್ ಬದಲಾಯಿಸಿದ್ದರೆ ಕೋಡ್ ಸಿಗುವುದಿಲ್ಲ. ಕಳೆದುಹೋದ ಅಥವಾ ಕೆಟ್ಟ ಸಿಮ್ ಬದಲಾಯಿಸಿಕೊಂಡು ಮರುದಿನವೇ ಪೋರ್ಟ್‌ಗೆ ಹಾಕುವವರು ಇದರಲ್ಲಿ ಸಿಕ್ಕಿಕೊಳ್ಳುತ್ತಾರೆ.

ಬ್ರಿಟನ್: 2019ರ ಜುಲೈ 1ರಿಂದ, ನಂಬರ್ ಉಳಿಸಿಕೊಂಡು ಹೋಗಲು 65075ಕ್ಕೆ PAC ಅಂತ ಎಸ್ಸೆಮ್ಮೆಸ್. ಉತ್ತರದಲ್ಲಿ ಕೋಡ್ ಜೊತೆಗೆ ಮಧ್ಯದಲ್ಲಿ ಬಿಡುವ ಶುಲ್ಕ, ಫೋನಿನ ಬಾಕಿ ಎಲ್ಲ ಬರಲೇಬೇಕು. ನಂಬರ್ ಬೇಡದಿದ್ದರೆ 75075ಕ್ಕೆ STAC, ಶುಲ್ಕ ಎಷ್ಟು ಅಂತ ತಿಳಿಯಲು ಮಾತ್ರವಾದರೆ 85075ಕ್ಕೆ INFO. ಕೋಡ್ 30 ದಿನ ನಡೆಯುತ್ತದೆ. ಬದಲಾದ ದಿನದ ಆಚೆಗೆ ನೋಟಿಸ್ ಅವಧಿಯ ಬಾಡಿಗೆ ಹಾಕುವುದನ್ನು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ನಿಷೇಧಿಸಿದೆ. ಆದ್ದರಿಂದ ಅಲ್ಲಿ "30 ದಿನ ನೋಟಿಸ್" ಸಾಲು ಕಂಡರೆ ನೇರ ತಕರಾರು.

ಐರೋಪ್ಯ ಒಕ್ಕೂಟ: ಗ್ರಾಹಕರನ್ನು 24 ತಿಂಗಳಿಗಿಂತ ಹೆಚ್ಚು ಕಟ್ಟಿಹಾಕುವಂತಿಲ್ಲ. ಅವಧಿ ಮುಗಿದು ಒಪ್ಪಂದ ತಾನಾಗಿ ಮುಂದುವರಿದಿದ್ದರೆ ಗರಿಷ್ಠ ಒಂದು ತಿಂಗಳ ನೋಟಿಸ್ ಕೊಟ್ಟು ದಂಡವಿಲ್ಲದೆ ಹೊರಬರಬಹುದು. ಕಾನೂನಿನಂತೆ ಮಧ್ಯದಲ್ಲಿ ಬಿಡುವ ಹಕ್ಕು ಹುಟ್ಟಿದಾಗ, ಉದಾಹರಣೆಗೆ ಕಂಪನಿಯೇ ಷರತ್ತು ಬದಲಿಸಿದಾಗ, ಉಳಿಸಿಕೊಂಡ ಫೋನಿಗೆ ಕೇಳಬಹುದಾದ ಪರಿಹಾರಕ್ಕೂ ಮಿತಿ ಇದೆ: ಅವಧಿಗೆ ತಕ್ಕಂತೆ ಇಳಿದ ಫೋನಿನ ಬೆಲೆ, ಅಥವಾ ಉಳಿದ ತಿಂಗಳ ಸೇವಾಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು.

ಅಮೆರಿಕ: ಬಾಕಿ ಇದೆ, ದಂಡ ಇದೆ ಅನ್ನುವ ಕಾರಣಕ್ಕೆ ಹಳೇ ಕಂಪನಿ ಪೋರ್ಟ್ ತಡೆಹಿಡಿಯುವಂತಿಲ್ಲ ಅನ್ನುವುದು ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮ. ಆದರೆ ಸಾಲ ಹಾಗೇ ಉಳಿಯುತ್ತದೆ, ವಸೂಲಿಗೆ ಹೋಗುತ್ತದೆ.

"ನಂಬರ್ ಕಟ್ ಆಗುತ್ತದಾ" ಅಂತ ಕೇಳಿದ್ದಿರಿ. ಭಾರತದಲ್ಲಿ ಆಗಬಹುದು. ಪೋರ್ಟ್ ಆದ ಮೇಲೆ ಬಾಕಿ ಕಟ್ಟದಿದ್ದರೆ ಹಳೇ ಕಂಪನಿ ಕೋರಿಕೆ ಕಳಿಸಿ ಹೊಸ ಕಂಪನಿಯಿಂದ ಸೇವೆ ನಿಲ್ಲಿಸುವ ವ್ಯವಸ್ಥೆ ಪೋರ್ಟಿಂಗ್ ನಿಯಮದಲ್ಲೇ ಇದೆ. ಹೊಸ ಕಂಪನಿಯಿಂದ "ಹಿಂದಿನ ಬಾಕಿ ತೀರಿಸಿ" ಅನ್ನುವ ಮೆಸೇಜ್ ಬಂದರೆ ಮೋಸದ ಮೆಸೇಜ್ ಅಂತ ಅಳಿಸಬೇಡಿ. ಅದರಲ್ಲಿರುವ ಲಿಂಕ್ ಒತ್ತದೆ, ಕಸ್ಟಮರ್ ಕೇರ್‌ಗೆ ನೀವೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಅದಕ್ಕೇ ತಕರಾರು ಬರಹದಲ್ಲಿರಬೇಕು, ಒಪ್ಪುವ ಮೊತ್ತ ಗಡುವಿನೊಳಗೆ ಕಟ್ಟಿರಬೇಕು.

---

ದರಪಟ್ಟಿ

ಕಟ್ಟುವ ರೀತಿಯಲ್ಲೂ ಸೂಕ್ಷ್ಮ ಇದೆ. ಆಟೋಪೇ ಇನ್ನೂ ಜೀವಂತವಾಗಿದ್ದರೆ ಗಡುವಿನ ದಿನ 13,510 ಪೂರ್ತಿ ಎಳೆದುಕೊಳ್ಳುತ್ತದೆ, ಆಮೇಲೆ ವಾಪಸ್ ತರುವುದು ನಿಮ್ಮ ತಲೆನೋವು. ಕಂಪನಿಯ ಆ್ಯಪ್‌ನಲ್ಲಿ ಆಟೋಪೇ ಆಫ್ ಮಾಡಿದರೆ ಸಾಲದು, ಎಷ್ಟೋ ಕಡೆ ಬ್ಯಾಂಕಿನ ಮ್ಯಾಂಡೇಟ್ (ತಾನಾಗಿ ಹಣ ಕಡಿಯಲು ನೀವು ಕೊಟ್ಟ ಒಪ್ಪಿಗೆ) ಹಾಗೇ ಉಳಿಯುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಥವಾ ಕಾರ್ಡಿನ ಪುಟದಲ್ಲಿ ಹೋಗಿ ಅಲ್ಲೇ ರದ್ದು ಮಾಡಿ, ಗಡುವಿಗೆ ಎರಡು ಮೂರು ಕೆಲಸದ ದಿನ ಮುಂಚೆ.

ಆಮೇಲೆ ದೂರು ದಾಖಲಿಸಿ, ದೂರಿನ ಸಂಖ್ಯೆ ಪಡೆದು, ಅದರ ನಂತರ ಒಪ್ಪುವ ಮೊತ್ತ ಕಟ್ಟಿ. ಈ ಕ್ರಮ ಮುಖ್ಯ. ಮೊದಲೇ ಭಾಗಶಃ ಕಟ್ಟಿದರೆ ಸಿಸ್ಟಮ್ ಅದನ್ನು ಬರೀ "ಕಡಿಮೆ ಪಾವತಿ" ಅಂತ ಓದಿ ವಿಳಂಬ ಶುಲ್ಕ ಹಾಕುತ್ತದೆ. ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

"ಖಾತೆ ಸಂಖ್ಯೆ __, ಜುಲೈ 5ರ ಅಂತಿಮ ಬಿಲ್ ಕುರಿತು. ಸಾಲು 1: ಇದೇ ಅವಧಿಯ ಬಾಡಿಗೆ ಜೂನ್ 5ರ ಬಿಲ್‌ನಲ್ಲಿ ಪಾವತಿಯಾಗಿದೆ (ಪ್ರತಿ ಲಗತ್ತಿಸಿದೆ), ರದ್ದುಪಡಿಸಿ. ಸಾಲು 2: ನನ್ನ ಒಪ್ಪಂದದಲ್ಲಿ ಈ ಶುಲ್ಕವಿಲ್ಲ, ಇದ್ದಲ್ಲಿ ನಾನು ಒಪ್ಪಿದ ದಿನಾಂಕ ಸಹಿತ ಪ್ರತಿ ಕಳಿಸಿ. ಸಾಲು 3: 16 × 120 = 1,920 ಒಪ್ಪಿದ್ದೇನೆ. ಸಾಲು 4: ಕಂತು 16/24 ಪಾವತಿಯಾಗಿದೆ; 8 × 700 = 5,600 ಒಪ್ಪಿದ್ದೇನೆ. ಸಾಲು 5, 6 ಒಪ್ಪಿದ್ದೇನೆ. ಡೆಪಾಸಿಟ್ 1,000 ಹೊಂದಾಣಿಕೆ ಮಾಡಿ. ನಿವ್ವಳ 7,010 ತಕರಾರಿನ ಹಕ್ಕು ಉಳಿಸಿಕೊಂಡು ಪಾವತಿಸುತ್ತಿದ್ದೇನೆ. ಉಳಿದ ಮೊತ್ತ ತಕರಾರಿನಲ್ಲಿರುವುದರಿಂದ ವಿಳಂಬ ಶುಲ್ಕ, ವಸೂಲಿ ಕ್ರಮ ತಡೆಹಿಡಿಯಿರಿ."

ಒಪ್ಪಿದ ಸಾಲುಗಳ ಮೇಲಿನ ತೆರಿಗೆ ಸೇರಿಸಿ ಕಟ್ಟಲು ಮರೆಯಬೇಡಿ, ಇಲ್ಲಿನ ಲೆಕ್ಕವೆಲ್ಲ ತೆರಿಗೆ ಬಿಟ್ಟದ್ದು. ಹಣ ಕಟ್ಟಿದ ಮೇಲೆ ವಹಿವಾಟಿನ ಸಂಖ್ಯೆಯನ್ನು ಅದೇ ದೂರಿಗೆ ಸೇರಿಸಿ.

ಭಾರತದಲ್ಲಿ ಮುಂದಿನ ಮೆಟ್ಟಿಲು ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಮೊದಲ ದೂರಿನ ಸಂಖ್ಯೆ ಇಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ. ಟ್ರಾಯ್‌ಗೆ ಬರೆದು ಕಾಯಬೇಡಿ, ಒಬ್ಬೊಬ್ಬರ ದೂರು ಬಗೆಹರಿಸುವುದು ಅದರ ಕೆಲಸವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗ. ಟೆಲಿಕಾಂ ದೂರು ಅಲ್ಲಿ ನಡೆಯುತ್ತದೆ ಅಂತ 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ನಮ್ಮ ಮೇಲೆ ಅಲ್ಲಿ ಕೇಸ್ ನಡೆಯಲ್ಲ" ಅಂತ ಹೆದರಿಸಿದರೆ ನಂಬಬೇಡಿ.

---

ಸಿಮ್‌ಟ್ರೇ

ಇನ್ನೂ ಪೋರ್ಟ್ ಮಾಡಿಸದೆ ಇದನ್ನು ಓದುತ್ತಿರುವವರಿಗೆ ಕೆಲವು ಮಾತು, ಮಾಡಬೇಕಾದ ಕ್ರಮದಲ್ಲಿ.

ಮೊದಲು ಹಿಂದಿನ 12 ತಿಂಗಳ ಬಿಲ್, ಒಪ್ಪಂದ, ಡೆಪಾಸಿಟ್ ರಸೀದಿ ಎಲ್ಲ ಇಳಿಸಿಟ್ಟುಕೊಳ್ಳಿ. ಪೋರ್ಟ್ ಆದ ಗಳಿಗೆಗೆ ಹಳೇ ಕಂಪನಿಯ ಆ್ಯಪ್ ಲಾಗಿನ್ ಸತ್ತುಹೋಗುವುದು ಸಾಮಾನ್ಯ, ಯಾಕೆಂದರೆ ಆ ನಂಬರ್ ಅವರ ಖಾತೆಯಲ್ಲಿ ಇರುವುದಿಲ್ಲ. ಕೊನೇ ಬಿಲ್ ಎಲ್ಲಿಗೆ ಬರಬೇಕು ಅಂತ ಇಮೇಲ್ ವಿಳಾಸವನ್ನೂ ಆಗಲೇ ಸರಿಪಡಿಸಿ. ಬಿಲ್ ಬರೀ ಆ್ಯಪ್‌ನಲ್ಲಿ ಬಂದು, ಆ್ಯಪ್ ತೆರೆಯಲಾಗದೆ, ಗಡುವು ಮೀರಿ ವಿಳಂಬ ಶುಲ್ಕ ಬೀಳುವುದು ದಿನಾ ನಡೆಯುವ ಕತೆ.

ಫೋನ್ ಕಂತಿನದಾದರೆ ಸಾಲ ಕೊಟ್ಟವರು ಯಾರು ನೋಡಿ. ಕಂತು ಟೆಲಿಕಾಂ ಬಿಲ್‌ನಲ್ಲೇ ಬರುತ್ತಿದ್ದರೆ ಬಿಟ್ಟ ದಿನ ಉಳಿದದ್ದೆಲ್ಲ ಒಟ್ಟಿಗೆ ಬೀಳುತ್ತದೆ. ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಆಗಿದ್ದರೆ ಪೋರ್ಟ್‌ಗೂ ಅದಕ್ಕೂ ಸಂಬಂಧವಿಲ್ಲ, ಕಂತು ಎಂದಿನಂತೆ ನಡೆಯುತ್ತದೆ. ಅದನ್ನು ಟೆಲಿಕಾಂ ಬಿಲ್‌ನಲ್ಲಿ ಕಂಡರೆ ಎರಡು ಕಡೆ ವಸೂಲಿ ಅಂತಲೇ ಅರ್ಥ. ಫೋನ್ ಆ ಜಾಲಕ್ಕೆ ಲಾಕ್ ಆಗಿದೆಯಾ ಅಂತ ಇನ್ನೊಂದು ಕಂಪನಿಯ ಸಿಮ್ ಹಾಕಿ ನೋಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ನ ಕೆಳಗಡೆ "ನೋ ಸಿಮ್ ರಿಸ್ಟ್ರಿಕ್ಷನ್ಸ್" ಅಂತ ಇದ್ದರೆ ಲಾಕ್ ಇಲ್ಲ. ಲಾಕ್ ಇದ್ದರೆ ಬಹಳ ಕಡೆ ಬಾಕಿ ತೀರಿಸಿದ ಮೇಲಷ್ಟೇ ತೆಗೆಯುತ್ತಾರೆ. *#06# ಒತ್ತಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಬಿಡಿಸಲು ಅದನ್ನೇ ಕೇಳುವುದು.

ದಿನಾಂಕ ಆರಿಸುವಾಗ ಸೈಕಲ್‌ನ ಕೊನೇ ದಿನಕ್ಕೆ ಗುರಿ ಇಡಬೇಡಿ. ಕೋರಿಕೆ ಹಾಕಿದ ದಿನವೇ ಪೋರ್ಟ್ ಆಗುವುದಿಲ್ಲ. ರಜೆ ಅಡ್ಡ ಬಂದು ಒಂದು ದಿನ ಆಚೆ ಹೋದರೂ ಹೊಸ ಸೈಕಲ್‌ನ ಮುಂಗಡ ಬಾಡಿಗೆ ಬೀಳುತ್ತದೆ. ಸೈಕಲ್ ಮುಗಿಯಲು ಒಂದು ವಾರ ಇರುವಾಗ ಹಾಕಿ. ನಾಲ್ಕಾರು ದಿನದ ಬಾಡಿಗೆ ವ್ಯರ್ಥವಾದರೂ ಒಂದು ತಿಂಗಳಿನದು ಉಳಿಯುತ್ತದೆ.

"ಮೊದಲು ಹಳೇದು ಕ್ಯಾನ್ಸಲ್, ಆಮೇಲೆ ಹೊಸದು" ಅನ್ನುವ ಕ್ರಮ ಮಾತ್ರ ಬೇಡವೇ ಬೇಡ. ಕ್ಯಾನ್ಸಲ್ ಆದ ನಂಬರ್ ಪೋರ್ಟ್ ಆಗುವುದಿಲ್ಲ. ಪೋರ್ಟ್ ಆದರೆ ಆ ನಂಬರಿನ ಸಂಪರ್ಕ ತಾನಾಗಿ ಮುಚ್ಚುತ್ತದೆ, ಬೇರೆ ಅರ್ಜಿ ಬೇಕಿಲ್ಲ.

"ನಿಮ್ಮ ದಂಡ ನಾವು ಕಟ್ಟುತ್ತೇವೆ" ಅಂತ ಹೊಸ ಕಂಪನಿ ಹೇಳಿದರೆ ಮೂರು ವಿಷಯ ಕೇಳಿ: ಹಣವಾಗಿ ಕೊಡುತ್ತೀರೋ ಬಿಲ್‌ನಲ್ಲಿ ತಿಂಗಳಿಗಿಷ್ಟು ಅಂತ ಕಳೆಯುತ್ತೀರೋ, ಫೋನಿನ ಬಾಕಿ ಅದರಲ್ಲಿ ಸೇರುತ್ತದೋ ಇಲ್ಲವೋ, ಕೊನೇ ಬಿಲ್ ಎಷ್ಟು ದಿನದೊಳಗೆ ಕೊಡಬೇಕು. ತಿಂಗಳಿಗಿಷ್ಟು ಅಂದರೆ ಅದು ಇನ್ನೊಂದು ಒಪ್ಪಂದ, ಅಷ್ಟೇ.

---

ಕೊನೇಬಿಲ್

ಎಲ್ಲರಿಗೂ ಧನ್ಯವಾದ. ಮ್ಯಾಂಡೇಟ್ ಬ್ಯಾಂಕ್ ಆ್ಯಪ್‌ನಲ್ಲಿ ರದ್ದು ಮಾಡಿದ್ದೇನೆ, ಪತ್ರ ಇವತ್ತೇ ಹೋಗುತ್ತದೆ. ಉಳಿದದ್ದು ವಾಚಿನ ಸಿಮ್. ನಂಬರೇ ಹೋದ ಮೇಲೆ ಅದು ಹೇಗೆ ಇನ್ನೂ ನಡೆಯುತ್ತಿದೆ? ಸಾಲು 6 ಒಪ್ಪಲೇಬೇಕಾ?

---

ಸಿಗ್ನಲ್‌ಕಡ್ಡಿ

ವಾಚಿನ ಇಸಿಮ್‌ಗೆ (ಕಾರ್ಡ್ ಇಲ್ಲದೆ ಒಳಗೇ ಇರುವ ಸಿಮ್) ಒಳಗೊಳಗೇ ಬೇರೆ ನಂಬರ್ ಇರುತ್ತದೆ, ನಿಮ್ಮ ನಂಬರ್ ಮೇಲ್ನೋಟಕ್ಕೆ ಅದರ ಮೇಲೆ ಹಂಚಿಕೊಂಡಂತೆ ಕಾಣುತ್ತದೆ ಅಷ್ಟೇ. ಪೋರ್ಟ್ ಆದದ್ದು ಮುಖ್ಯ ನಂಬರ್ ಮಾತ್ರ. ವಾಚು, ಡೇಟಾ ಸಿಮ್, ಮನೆಯವರ ಆ್ಯಡ್-ಆನ್, ಇವೆಲ್ಲ ಖಾತೆಯಲ್ಲಿ ಹಾಗೇ ಕೂತು ತಿಂಗಳು ತಿಂಗಳು ಬಿಲ್ ಹುಟ್ಟಿಸುತ್ತವೆ. ಕೆಲವು ಕಡೆ ಮುಖ್ಯ ನಂಬರ್ ಹೋದ ಕೂಡಲೇ ಅದು ಆ್ಯಡ್-ಆನ್ ದರದಿಂದ ಬಿಡಿ ಸಂಪರ್ಕದ ದರಕ್ಕೆ ಏರುತ್ತದೆ, ಮುಂದಿನ ಬಿಲ್‌ನಲ್ಲಿ 150 ಇರುತ್ತದೆ ಅಂತ ಹೇಳಲಾಗದು.

ಜುಲೈ 5ರಿಂದ ಈವರೆಗಿನ ದಿನದ್ದು ಕಟ್ಟಿ, ಅದನ್ನು ಬೇರೆಯಾಗಿ ರದ್ದು ಮಾಡಿಸಿ. ಮುಖ್ಯ ನಂಬರ್ ಇಲ್ಲದೆ ಅದು ಕೆಲಸ ಮಾಡುತ್ತಿರಲಿಲ್ಲ ಅಂತ ತೋರಿಸಬಹುದಾದರೆ (ಜೂನ್ 14ರ ನಂತರ ಬಳಕೆ ಸೊನ್ನೆ) ಪೂರ್ತಿ 150 ಬಿಡಿಸಿಕೊಳ್ಳಲು ಕೇಳಿ, ಕೊಡುವ ಸಾಧ್ಯತೆ ಇದೆ. ರದ್ದತಿಗೆ ದೂರಿನ ಸಂಖ್ಯೆಯಲ್ಲದೆ ಬೇರೆ ಕೋರಿಕೆ ಸಂಖ್ಯೆ ಪಡೆಯಿರಿ, ಎರಡನ್ನೂ ಒಂದೇ ಪತ್ರದಲ್ಲಿ ಹಾಕಿದರೆ ತಕರಾರು ಮುಗಿಯುವವರೆಗೆ ರದ್ದತಿಯನ್ನೂ ಮುಟ್ಟುವುದಿಲ್ಲ.

---

ಲೆಕ್ಕದಪುಸ್ತಕ

ಎಲ್ಲ ಮುಗಿದ ಮೇಲೆ "ಖಾತೆಯಲ್ಲಿ ಬಾಕಿ ಇಲ್ಲ" ಅನ್ನುವ ಪತ್ರ ಬರಹದಲ್ಲಿ ಕೇಳಿ. ರೋಮಿಂಗ್ ಇದ್ದ ಖಾತೆಯಾದ್ದರಿಂದ ಇನ್ನೊಂದು ಸೈಕಲ್ ಕಳೆದ ಮೇಲೆ ಕೇಳಿದರೆ ಒಳ್ಳೆಯದು. ಆ ಪತ್ರದಲ್ಲಿ ಫೋನ್ ನಂಬರ್ ಒಂದೇ ಸಾಲದು, ಖಾತೆ ಸಂಖ್ಯೆಯೂ ಇರಲಿ. ಆ ನಂಬರ್ ಈಗ ಅವರದಲ್ಲ.